ಲಿಂಬೆ ಎಲೆ ಹಳದಿಯಾದರೆ ಚಳಿ ಬಡಿದಿದೆ ಎಂದರ್ಥವೇ? ಬುಡಕ್ಕೆ ಬೂದಿ, ಸುಣ್ಣ ಹಾಕುವ ಮುನ್ನ ಇದನ್ನು ಓದಿ

ಚಳಿಗಾಲ ಬಂತೆಂದರೆ ಗಿಡಗಳ ಆರೈಕೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಅಂಥ ಸಲಹೆಗಳಲ್ಲಿ ಒಂದು ಬಗೆ ಹೀಗಿರುತ್ತದೆ: ಲಿಂಬೆ ಎಲೆ ಹಳದಿಯಾಗಿ ಉದುರಿದರೆ ಗಿಡಕ್ಕೆ ಚಳಿ ಬಡಿದಿದೆ, ಬುಡಕ್ಕೆ ಬೂದಿ ಇಲ್ಲವೇ ಸುಣ್ಣದ ನೀರು ಹಾಕಿ. ಭಂಕೂರ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯವರು ಇದನ್ನು ಪಾಲಿಸಿದರೆ ಗಿಡ ಇನ್ನಷ್ಟು ಸೊರಗುವ ಸಾಧ್ಯತೆಯೇ ಹೆಚ್ಚು. ಯಾಕೆ ಎಂದು ನೋಡೋಣ.

ಲಿಂಬೆಗೆ ಎಷ್ಟು ಚಳಿ ಅಪಾಯ?

ಲಿಂಬೆ, ಮೋಸಂಬಿ, ಕಿತ್ತಳೆ ಎಲ್ಲವೂ ಒಂದೇ ಕುಟುಂಬದವು. ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಇವುಗಳ ಬೆಳವಣಿಗೆ ನಿಲ್ಲುತ್ತದೆ. ನಿಲ್ಲುವುದು ಬೇರೆ, ಸಾಯುವುದು ಬೇರೆ. ಎಲೆ, ರೆಂಬೆಗಳಿಗೆ ನಿಜವಾದ ಹಾನಿಯಾಗುವುದು ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು, ಒಳಗಿನ ನೀರು ಹೆಪ್ಪುಗಟ್ಟಿದಾಗ. ಹಾಗಾದ ಎಲೆ ನಿಧಾನವಾಗಿ ಹಳದಿಯಾಗುವುದಿಲ್ಲ. ಬೇಯಿಸಿದಂತೆ ಬಾಡಿ, ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ.

ಕಲಬುರಗಿ ಭಾಗದಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಆದರೆ ಹಗಲಾದರೆ ಮತ್ತೆ ಬಿಸಿಲು ಏರುತ್ತದೆ, ಮಂಜುಗಡ್ಡೆ ಕಟ್ಟುವ ಮಾತೇ ಇಲ್ಲ. ಇಂಥದ್ದೇ ಹವೆಯ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಲಿಂಬೆಗೇ ಹೆಸರುವಾಸಿ.

ಹಾಗಾದರೆ ಎಲೆ ಹಳದಿಯಾಗುವುದೇಕೆ?

ಉತ್ತರ ಕಾಲ ಕೆಳಗೇ ಇದೆ. ಶಹಾಬಾದ್ ಕಲ್ಲು ಎಂದು ನಾವು ಮನೆಗೆ ಹಾಸುವುದು ಸುಣ್ಣದ ಕಲ್ಲು. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿಗಾಗಿ. ಈ ಕಲ್ಲಿನ ಮೇಲಿನ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಮಣ್ಣು ಕ್ಷಾರೀಯ. ಅಂಥ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಅವು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಬೋರ್‌ವೆಲ್‌ನ ಗಡಸು ನೀರು ಸಮಸ್ಯೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಗುರುತಿಸುವುದು ಹೀಗೆ:

• ಹೊಸ ಚಿಗುರೆಲೆ ಹಳದಿ, ನರಗಳು ಮಾತ್ರ ಹಸಿರು: ಕಬ್ಬಿಣದ ಕೊರತೆ.
• ಎಲೆ ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ: ಸತುವಿನ ಕೊರತೆ.
• ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿ ಹಳದಿ: ಸಾರಜನಕದ ಕೊರತೆ.
• ಬುಡದಲ್ಲಿ ನೀರು ನಿಂತು ಇಡೀ ಗಿಡ ಮಂಕು: ಬೇರಿಗೆ ಗಾಳಿ ಸಿಗುತ್ತಿಲ್ಲ. ಕಪ್ಪು ಮಣ್ಣಿನಲ್ಲಿ ಇದು ಸಾಮಾನ್ಯ.

ಚಳಿಗಾಲದಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ. ಬೇಸಿಗೆಯಷ್ಟೇ ನೀರು ಬಿಟ್ಟರೆ ಮಣ್ಣು ಹಸಿಯಾಗೇ ಉಳಿದು ಬೇರು ಇನ್ನಷ್ಟು ಸೋಲುತ್ತದೆ. ಚಳಿಯ ಪಾತ್ರ ಇರುವುದು ಇಷ್ಟೇ.

ಇನ್ನೊಂದು ಸಂಗತಿ. ಅಂಬೆ ಬಹಾರ್ ಹಿಡಿಯುವ ಬೆಳೆಗಾರರು ಡಿಸೆಂಬರ್ ಸುಮಾರಿಗೆ ಬೇಕೆಂದೇ ನೀರು ನಿಲ್ಲಿಸುತ್ತಾರೆ. ಆಗ ಎಲೆ ಬಾಡಿ ಒಂದಷ್ಟು ಉದುರುತ್ತದೆ, ಮತ್ತೆ ನೀರು ಕೊಟ್ಟಾಗ ಒಟ್ಟಿಗೆ ಹೂ ಬರುತ್ತದೆ. ಅದು ರೋಗವಲ್ಲ.

ಬೂದಿ, ಸುಣ್ಣ ಯಾಕೆ ಬೇಡ?

ಎರಡೂ ಕ್ಷಾರ. ಮೊದಲೇ ಸುಣ್ಣ ಹೆಚ್ಚಿರುವ ಮಣ್ಣಿಗೆ ಮತ್ತೆ ಸುಣ್ಣ ಸೇರಿಸಿದರೆ ಕಬ್ಬಿಣ ಇನ್ನೂ ಬಿಗಿಯಾಗಿ ಕಟ್ಟಿಹೋಗುತ್ತದೆ. ಹುಳಿ ಮಣ್ಣಿರುವ ಮಲೆನಾಡಿನಲ್ಲಿ ಸುಣ್ಣ ಉಪಕಾರಿ. ಅಲ್ಲಿನ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಕಾಂಡಕ್ಕೆ ಬೋರ್ಡೋ ಮುಲಾಮು ಬಳಿಯುವುದು ಬೇರೆ ವಿಷಯ, ಅದು ಶಿಲೀಂಧ್ರ ರೋಗ ತಡೆಯಲು.

ಬದಲಿಗೆ ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ನೀರು ಬಸಿದುಹೋಗುವಂತೆ ನೋಡಿಕೊಳ್ಳಿ. ಕಬ್ಬಿಣ, ಸತುವನ್ನು ಇಂಥ ಮಣ್ಣಿಗೆ ಹಾಕುವುದಕ್ಕಿಂತ ಎಲೆಗಳ ಮೇಲೆ ಸಿಂಪಡಿಸಿದರೆ ಬೇಗ ಫಲ ಸಿಗುತ್ತದೆ. ಪ್ರಮಾಣವನ್ನು ಮಣ್ಣು ಪರೀಕ್ಷೆ ಮಾಡಿಸಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ನಿರ್ಧರಿಸಿ. ಹೊಸ ಸಸಿ ಕೊಳ್ಳುವಾಗ ಬೇರುಗಿಡ ಯಾವುದೆಂದು ವಿಚಾರಿಸಿ. ರಂಗಪುರ ಲಿಂಬೆಯ ಬೇರು ಸುಣ್ಣದ ಮಣ್ಣನ್ನು ತಕ್ಕಮಟ್ಟಿಗೆ ತಾಳುತ್ತದೆ. ಮೂರೆಲೆ ಕಿತ್ತಳೆಯ ಬೇರು ಕಡು ಚಳಿಯನ್ನು ತಾಳಿದರೂ ಸುಣ್ಣದ ಮಣ್ಣಿನಲ್ಲಿ ಸೋಲುತ್ತದೆ.

ಚಳಿಯ ಭಯ ಎಲ್ಲಿ ನಿಜ?

ಪಂಜಾಬಿನ ಕಿನ್ನೋ ತೋಟಗಳಲ್ಲಿ ಹಿಮ ಬೀಳುವ ಅಪಾಯವಿದೆ. ಅಲ್ಲಿ ಎಳೆ ಸಸಿಗೆ ಹುಲ್ಲಿನ ಹೊದಿಕೆ ಕಟ್ಟುತ್ತಾರೆ, ತೆಳುವಾಗಿ ನೀರು ಹಾಯಿಸುತ್ತಾರೆ. ಹಸಿ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ 1894-95ರ ಚಳಿಗಾಲದ ಎರಡು ಹಿಮದಲೆಗಳು ಬಹುಪಾಲು ಕಿತ್ತಳೆ ತೋಟಗಳನ್ನೇ ನಾಶ ಮಾಡಿದವು.

ನಮ್ಮ ನಿರ್ಣಯ: ಶಹಾಬಾದ್ ಭಾಗದಲ್ಲಿ ಲಿಂಬೆ ಎಲೆ ಹಳದಿಯಾಗಲು ಚಳಿಯೇ ಕಾರಣ ಎಂಬುದು ತಪ್ಪು, ಬೂದಿ, ಸುಣ್ಣದ ಸಲಹೆ ಇಲ್ಲಿನ ಮಣ್ಣಿಗೆ ಹಾನಿಕರ. ಈ ಬಗೆಯ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಮೊದಲು ಗಿಡದ ಚಿಗುರೆಲೆಯನ್ನೊಮ್ಮೆ ನೋಡಿ.