ಮಸಾಲೆ ಬೆರೆತ ಮಾತ್ರಕ್ಕೆ ಅರಿಷ್ಟವಾಗದು

‘ಸ್ಟೌಟ್’ ಎಂಬ ಕಪ್ಪು ಬಿಯರಿಗೆ ಚಾಕೊಲೇಟು, ದಾಲ್ಚಿನ್ನಿ, ಮೆಣಸು ಮುಂತಾದವನ್ನು ಸೇರಿಸಿ ತಯಾರಿಸುವ ತೀಕ್ಷ್ಣ ಪಾನೀಯದ ರುಚಿಯನ್ನು ಮಂಗಳೂರಿನ ಕೆಲವು ತರುಣರು ನಮ್ಮೆದುರಿಗೇ ಕೊಂಡಾಡುವುದುಂಟು. “ಡಾಕ್ಟ್ರೇ, ನಿಮ್ಮ ದ್ರಾಕ್ಷಾರಿಷ್ಟದಲ್ಲಿಯೂ ಆಲ್ಕೋಹಾಲ್ ಉಂಟಲ್ಲ, ಇದರಲ್ಲಿಯೂ ಮಸಾಲೆ ಉಂಟಲ್ಲ, ಮತ್ತೆ ವ್ಯತ್ಯಾಸ ಏನು?” ಎಂದು ಕೇಳುತ್ತಾರೆ. ಪ್ರಶ್ನೆ ಚತುರವಾಗಿದೆ, ಗದರಿಸಿ ಕಳುಹಿಸುವುದಕ್ಕಿಂತ ಉತ್ತರಿಸುವುದೇ ಯೋಗ್ಯ.

ದ್ರಾಕ್ಷಾರಿಷ್ಟದಲ್ಲಿ ಒಣದ್ರಾಕ್ಷಿ ಹಾಗೂ ಬೆಲ್ಲದೊಡನೆ ದಾಲ್ಚಿನ್ನಿ, ಏಲಕ್ಕಿ, ಒಳ್ಳೆಮೆಣಸು, ಹಿಪ್ಪಲಿ ಇವೆಯೆಂಬುದು ನಿಜ. ಹುಳಿತು ಸಿದ್ಧವಾಗುವಾಗ ಅದರಲ್ಲಿ ಮದ್ಯಾಂಶ ತಾನಾಗಿಯೇ ಹುಟ್ಟುವುದೂ ನಿಜ. ಆದರೆ ನಾವು ಕೊಡುವುದು ಊಟದ ಬಳಿಕ ಸಮಪ್ರಮಾಣದ ನೀರು ಬೆರೆಸಿದ 20 ಮಿ.ಲೀ. ಮಾತ್ರ. ಮದ್ಯಾಂಶ ಶೇಕಡಾ 8 ಎಂದಿಟ್ಟುಕೊಂಡರೂ ದೇಹಕ್ಕೆ ಸೇರುವುದು 1.6 ಮಿ.ಲೀ. ಅಷ್ಟೇ ತೀಕ್ಷ್ಣತೆಯ ಸ್ಟೌಟಿನ 330 ಮಿ.ಲೀ. ಬಾಟಲಿಯಲ್ಲಿ ಅದು 26 ಮಿ.ಲೀ. ದಾಟುತ್ತದೆ; ಅಂದರೆ ಹದಿನಾರು ಹೊತ್ತಿನ ಔಷಧವನ್ನು ಒಂದೇ ಸಂಜೆ ಕುಡಿದಂತೆ. ಒಂದೇ ಬಾಟಲಿಗೆ ನಿಲ್ಲಿಸುವವರೆಷ್ಟು ಮಂದಿ ಎಂಬುದು ಬೇರೆ ಮಾತು. ಅರಿಷ್ಟವನ್ನೇ ಬಾಟಲಿಗಟ್ಟಲೆ ಕುಡಿಯುವವರಿಗೂ ನಮ್ಮ ಉತ್ತರ ಇದೇ.

ಇನ್ನು, ಆ ಕಪ್ಪು ಬಣ್ಣವಾಗಲಿ ಕಹಿಯಾಗಲಿ ಮುಖ್ಯವಾಗಿ ಕೋಕೋದಿಂದ ಬಂದದ್ದಲ್ಲ. ಕಪ್ಪಾಗುವಂತೆ ಹುರಿದ ಬಾರ್ಲಿಯಿಂದ ಬಂದದ್ದು. ಕಪ್ಪಗಿರುವುದರಿಂದ ರಕ್ತವೃದ್ಧಿಯಾಗುತ್ತದೆಂಬ ನಂಬಿಕೆ ಹಳೆಯದು. ಬ್ರಿಟನ್ನಿನಲ್ಲಿ 1929ರಿಂದ ಗಿನ್ನೆಸ್ ಕಂಪನಿಯ ಜಾಹೀರಾತುಗಳು ಸ್ಟೌಟ್ ಮೈಗೆ ಒಳ್ಳೆಯದೆಂದೇ ಸಾರಿದವು. ವಾಸ್ತವದಲ್ಲಿ ಅದರಲ್ಲಿನ ಕಬ್ಬಿಣಾಂಶ ಅತ್ಯಲ್ಪ. ಬಾಣಂತಿಯರಿಗೆ ಇಂತಹದನ್ನು ಯಾರಾದರೂ ಸೂಚಿಸಿದರೆ ದಯವಿಟ್ಟು ಕಿವಿಗೊಡಬೇಡಿ.

ಚರಕಸಂಹಿತೆ ಮದ್ಯವನ್ನು ಸಾರಾಸಗಟಾಗಿ ನಿಂದಿಸಿಲ್ಲ. ವಿಧಿ, ಮಾತ್ರೆ, ಕಾಲಗಳನ್ನು ಹೇಳಿದೆ. ಇದನ್ನು ಮರೆಮಾಚುವುದು ವೈದ್ಯರಿಗೆ ತಕ್ಕುದಲ್ಲ. ಆದರೆ ಅದೇ ಗ್ರಂಥದ ಮದಾತ್ಯಯ ಚಿಕಿತ್ಸಾಧ್ಯಾಯವು ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದು ಒಂದೊಂದಾಗಿ ಎಣಿಸುತ್ತದೆ. ಮದ್ಯಸೇವನೆಗೆ ನಿರಪಾಯಕರ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಸಕ್ಕರೆ ಕಾಯಿಲೆಗೋ ನಿದ್ರೆಗೋ ಮಾತ್ರೆ ನುಂಗುವವರಿಗಂತೂ ಇದು ನೇರ ಅಪಾಯ. ಇದರಲ್ಲಿ ಚಾಕೊಲೇಟು ಯಾವ ರಿಯಾಯಿತಿಯನ್ನೂ ತಂದುಕೊಡದು.

ರುಚಿಯೇ ಬೇಕೆಂದರೆ ನಮ್ಮ ಜಿಲ್ಲೆಗೆ ಕೊರತೆಯಿಲ್ಲ. ಕೋಕೋ ನಮ್ಮ ಅಡಕೆ ತೋಟಗಳ ನೆರಳಿನಲ್ಲೇ ಬೆಳೆಯುತ್ತದೆ; 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, 1986ರಿಂದ ಪುತ್ತೂರಿನಲ್ಲಿ ಚಾಕೊಲೇಟು ತಯಾರಿಸುತ್ತಿದೆ. ಪ್ರಾಚೀನ ಮೆಕ್ಸಿಕೋದ ಜನ ಕೋಕೋವನ್ನು ಮೆಣಸಿನಕಾಯಿಯೊಡನೆ ನೀರಿನಲ್ಲಿ ಕದಡಿ ಕುಡಿಯುತ್ತಿದ್ದರು. ಒಂದು ಲೋಟ ಹಾಲಿಗೆ ಅರ್ಧ ಚಮಚ ಕೋಕೋ ಪುಡಿ, ಚಿಟಿಕೆ ಒಳ್ಳೆಮೆಣಸಿನ ಪುಡಿ, ಚೂರು ದಾಲ್ಚಿನ್ನಿ ಹಾಕಿ ಕುದಿಸಿ, ಇಳಿಸಿದ ಮೇಲೆ ಸ್ವಲ್ಪ ಬೆಲ್ಲ ಕದಡಿ. ಆಮ್ಲಪಿತ್ತವಿರುವವರು ಮೆಣಸನ್ನು ಬಿಡಲಿ. ನಿದ್ರೆ ಕಡಿಮೆಯಿರುವವರು ಸಂಜೆಯ ಮೊದಲೇ ಕುಡಿಯಲಿ.