ಅತಿಹಸಿತದ ಪರವಾಗಿ

ಭರತಮುನಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದ ಸ್ಮಿತವನ್ನು ಉತ್ತಮರಿಗೂ ಪಕ್ಕೆ ಹಿಡಿದು ನಗುವ ಅತಿಹಸಿತವನ್ನು ಅಧಮರಿಗೂ ಹಂಚಿದ. ಆ ಹಂಚಿಕೆ ಇಂದಿಗೂ ಜಾರಿಯಲ್ಲಿದೆ ಎಂಬುದಕ್ಕೆ 1994ರ ‘ಡಂಬ್ ಆ್ಯಂಡ್ ಡಂಬರ್’ ಸಾಕ್ಷಿ.

ಜಿಮ್ ಕ್ಯಾರಿ, ಜೆಫ್ ಡೇನಿಯಲ್ಸ್ ದಡ್ಡ ಗೆಳೆಯರಾಗಿ ನಟಿಸಿದ ಈ ಚಿತ್ರವನ್ನು ಪ್ರೇಕ್ಷಕರು ಗೆಲ್ಲಿಸಿದರು. ವಿಮರ್ಶಕರಲ್ಲಿ ಒಮ್ಮತ ಮೂಡಲಿಲ್ಲ. ರೋಜರ್ ಈಬರ್ಟ್ ಸತ್ತ ಗಿಳಿಯ ಪ್ರಸಂಗಕ್ಕೆ ತಮಗೇ ಮುಜುಗರವಾಗುವಷ್ಟು ಗಟ್ಟಿಯಾಗಿ ನಕ್ಕುದನ್ನು ಒಪ್ಪಿಕೊಂಡರು. ಕೊಟ್ಟದ್ದು ನಾಲ್ಕರಲ್ಲಿ ಎರಡೇ ನಕ್ಷತ್ರ. ಒಂದು ನಗೆಯಿಂದ ಇಡೀ ಚಿತ್ರ ತೂಗದು ಎಂಬುದು ನ್ಯಾಯವೇ. ಆದರೆ ಮುಜುಗರವೇಕೆ?

ಆ ಗಿಳಿಯನ್ನು ಮಾರಿದ್ದು ಅಂಧ ಬಾಲಕನಿಗೆ. ಅಲ್ಲಿ ಕ್ರೌರ್ಯವಿದೆ, ಅಲ್ಲಗಳೆಯಲಾರೆ. ಅದೇ ಗೆಳೆಯರು ಪರರ ಪೆಟ್ಟಿಗೆಯ ಹಣವನ್ನೆಲ್ಲ ಉಡಾಯಿಸಿ, ಪ್ರತಿ ವೆಚ್ಚಕ್ಕೂ ಸಾಲದ ಚೀಟಿ ಬರೆದಿಟ್ಟು, ಅದು ಹಣಕ್ಕೆ ಸಮವೆಂದೇ ನಂಬುತ್ತಾರೆ. ಲೆಕ್ಕ ಚೊಕ್ಕ, ಪೆಟ್ಟಿಗೆ ಖಾಲಿ! ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದ ನಾನು ಅಧಮನಂತೆಯೇ ನಕ್ಕೆ. ಆ ನಗೆಯಲ್ಲಿ ನನ್ನನ್ನೂ ಕಂಡೆ.

ಎಂ.ಎ. ತರಗತಿಯಲ್ಲಿ ಷೇಕ್ಸ್‌ಪಿಯರನ ಡಾಗ್‌ಬೆರಿಯ ಪೆದ್ದುತನವನ್ನು ಟಿಪ್ಪಣಿ ಮಾಡಿಕೊಂಡು ಓದಿದೆವು. ಗಟ್ಟಿಯಾಗಿ ಒಬ್ಬರೂ ನಗಲಿಲ್ಲ. ನಾನೂರು ವರ್ಷ ಹಳೆಯದಾದ ಪೆದ್ದನಿಗೆ ಪಠ್ಯದಲ್ಲಿ ಸ್ಥಾನ, ನಮ್ಮ ಕಾಲದ ಪೆದ್ದನಿಗೆ ತಿರಸ್ಕಾರ.

ಅಭಿರುಚಿಯನ್ನು ಕಾಯ್ದುಕೊಳ್ಳೋಣ. ಆದರೆ ಕತ್ತಲಲ್ಲಿ ನಕ್ಕು, ಬೆಳಕಿಗೆ ಬಂದೊಡನೆ ಮುಖ ಒರೆಸಿಕೊಳ್ಳುವುದು ಅಭಿರುಚಿಯಲ್ಲ, ಅಂಜಿಕೆ. ಈಬರ್ಟ್ ಒಪ್ಪಿಕೊಂಡಾದರೂ ಬರೆದರು. ನಮ್ಮಲ್ಲಿ ಎಷ್ಟು ಮಂದಿ ಅಷ್ಟನ್ನು ಮಾಡಿಯೇವು?