ಬಯಲುಸೀಮೆಯ ನಲ್ಲಿ ನೀರು ಮತ್ತು ಮಲೆನಾಡಿನ ಹೊಣೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಿಮೆ ಮಳೆ ಪಡೆಯುವ ಪ್ರದೇಶಗಳ ಸಾಲಿಗೆ ಸೇರಿವೆ. ಇಡೀ ವರ್ಷದಲ್ಲಿ ಅಲ್ಲಿ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅಷ್ಟು ಮಳೆಗೆ ಆಷಾಢದ ಒಂದೆರಡು ವಾರ ಸಾಕು. ಶೇಂಗಾ ಎಣ್ಣೆಯ ಗಿರಣಿಗಳಿಗೆ ಚಳ್ಳಕೆರೆ, ರೇಷ್ಮೆ ಸೀರೆಗೆ ಮೊಳಕಾಲ್ಮೂರು ಹೆಸರಾದವು. ಆದರೆ ಈ ಸೀಮೆಯ ಅನೇಕ ಹಟ್ಟಿಗಳಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಮತ್ತು ಹಿರಿಯರ ಬಾಗದ ಬೆನ್ನು ಬೇರೊಂದು ಕಥೆಯನ್ನು ಹೇಳುತ್ತವೆ. ಅದು ಫ್ಲೋರೈಡಿನ ಕಥೆ.

ಈ ವಿಷ ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಅಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿಯೇ ಫ್ಲೋರೈಡ್ ಅಡಗಿದೆ. ನೀರು ಶಿಲೆಯೊಡನೆ ಹೆಚ್ಚು ಕಾಲ ಇದ್ದಷ್ಟೂ, ಅದರಲ್ಲಿ ಕ್ಷಾರಗುಣ ಹೆಚ್ಚಿ ಸುಣ್ಣದ ಅಂಶ ಕಡಿಮೆಯಾದಷ್ಟೂ, ಫ್ಲೋರೈಡ್ ಹೆಚ್ಚು ಕರಗುತ್ತದೆ. ಕೆರೆಯಿಂದ ಮರುಪೂರಣಗೊಳ್ಳುತ್ತಿದ್ದ ತೆರೆದ ಬಾವಿಗಳ ನೀರು ಹೊಸ ನೀರು. ಕೆರೆಗಳು ಹೂಳು ತುಂಬಿ ಬಾವಿಗಳು ಬತ್ತಿದ ಮೇಲೆ ನೂರಾರು ಅಡಿ ಆಳದ ಕೊಳವೆಬಾವಿಯಿಂದ ಮೇಲೆತ್ತುವುದು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಹಳೆಯ ನೀರು. ಆದುದರಿಂದ ಫ್ಲೋರೈಡ್ ಕೇವಲ ನಿಸರ್ಗದ ಶಾಪವಲ್ಲ. ಅಂತರ್ಜಲವನ್ನು ಬಳಸಿದ ರೀತಿಯ ಫಲವೂ ಹೌದು.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಆಕರವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿಯುಂಟು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಸಾಂದ್ರತೆ ಇನ್ನಷ್ಟು ಏರುತ್ತದೆ. ಒಮ್ಮೆ ಬಾಗಿದ ಮೂಳೆಯನ್ನು ನೇರಗೊಳಿಸುವ ಔಷಧಿಯೂ ಇಲ್ಲ.

ಇದಕ್ಕೆ ಉತ್ತರವೆಂದು ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಇವುಗಳಿಂದ ಉಪಕಾರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಘಟಕ ಕೆಟ್ಟು ನಿಂತ ದಿನ ಜನರು ಮತ್ತೆ ಕೊಳವೆಬಾವಿಗೇ ಮರಳುತ್ತಾರೆ. ಕುಡಿಯಲು ಕ್ಯಾನಿನ ನೀರು ತಂದ ಮನೆಯಲ್ಲಿಯೂ ಅನ್ನ, ಸಾರು ಬೇಯುವುದು ಅನೇಕ ವೇಳೆ ಕೊಳವೆಬಾವಿಯ ನೀರಿನಲ್ಲೇ. ಘಟಕವು ಹೊರಬಿಡುವ, ಫ್ಲೋರೈಡ್ ಸಾಂದ್ರವಾದ ತ್ಯಾಜ್ಯ ನೀರು ಚರಂಡಿಯ ಮೂಲಕ ಅದೇ ನೆಲಕ್ಕೆ ಸೇರುತ್ತದೆ.

ಎರಡನೆಯ ಉತ್ತರ ದೂರದ ನದಿಯ ನೀರು. ಚಳ್ಳಕೆರೆ ಪಟ್ಟಣಕ್ಕೆ ವೇದಾವತಿಯ ವಾಣಿವಿಲಾಸ ಸಾಗರದಿಂದ ನೀರು ಬರುತ್ತದೆ. 1933ರ ಬಳಿಕ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇನ್ನೊಂದೆಡೆ ತುಂಗಭದ್ರಾ ಹಿನ್ನೀರಿನಿಂದ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ಭಾಗಗಳಿಗೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ರೂಪುಗೊಂಡಿತು. ನದಿಯ ನೀರಿನಲ್ಲಿ ಫ್ಲೋರೈಡಿನ ಭಯ ಕಡಿಮೆ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ನಿರ್ಭಯವಾಗುವುದಿಲ್ಲ. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿಭೇದಿಗೆ ತುತ್ತಾದರು. ಹಲವರು ಪ್ರಾಣ ಕಳೆದುಕೊಂಡರು. ಫ್ಲೋರೈಡ್ ಹತ್ತಾರು ವರ್ಷಗಳಲ್ಲಿ ಮಾಡುವ ಹಾನಿಯನ್ನು ರೋಗಾಣು ಎರಡೇ ದಿನಗಳಲ್ಲಿ ಮಾಡಬಲ್ಲದು. ಸಣ್ಣ ನಗರಗಳಲ್ಲಿ ನೀರು ಬಿಡುವುದು ಕೆಲವು ಗಂಟೆ ಮಾತ್ರ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಕುಸಿದು, ಬಿರುಕುಗಳ ಮೂಲಕ ಪಕ್ಕದ ಚರಂಡಿಯ ಕೊಳೆ ಒಳಸೇರುತ್ತದೆ. ಶುದ್ಧೀಕರಣ ಘಟಕದಲ್ಲಿ ತೇರ್ಗಡೆಯಾದ ನೀರು ಕೊನೆಯ ಬೀದಿಯ ನಲ್ಲಿಯಲ್ಲಿ ಅನುತ್ತೀರ್ಣವಾಗುವುದು ಹೀಗೆ. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೀರಗಂಟಿಯೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಆ ಫಲಿತಾಂಶವನ್ನೂ ಫ್ಲೋರೈಡಿನ ಪ್ರಮಾಣವನ್ನೂ ನೀರಿನ ಟ್ಯಾಂಕಿನ ಗೋಡೆಯ ಮೇಲೆ, ದಿನಾಂಕಸಹಿತ, ಕನ್ನಡದಲ್ಲಿ ಬರೆಯುವುದು ಪುರಸಭೆ ಮತ್ತು ಪಂಚಾಯಿತಿಗಳ ಕಡ್ಡಾಯ ಕರ್ತವ್ಯವಾಗಬೇಕು.

ಮಳೆ ಕಡಿಮೆ ಎಂಬ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. 50 ಚದರ ಮೀಟರ್ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ, ಐದನೆಯ ಒಂದು ಭಾಗ ನಷ್ಟವಾದರೂ 20,000 ಲೀಟರ್ ದೊರೆಯುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೂ ವರ್ಷಕ್ಕೆ ಬೇಕಾದುದು ಸುಮಾರು 9,000 ಲೀಟರ್. 300 ಮಿಲಿಮೀಟರ್ ಮಾತ್ರ ಮಳೆಯಾದ ಬರದ ವರ್ಷದಲ್ಲಿಯೂ 12,000 ಲೀಟರ್ ಸಿಗುತ್ತದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದು ಕಷ್ಟ. ಆದರೆ ಶಾಲೆ, ಅಂಗನವಾಡಿ, ಸಮುದಾಯ ಭವನಗಳ ತಾರಸಿಗಳು ಕಾದಿವೆ. ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರೆಂದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ನೆನೆಯುವ ನಾಡಿಗೆ ನೀರು ಹಿಡಿದಿಡುವ ವಿದ್ಯೆ ಹೊಸದಲ್ಲ.

ಮಲೆನಾಡಿನ ಓದುಗರಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ನದಿ ತಿರುವು ಯೋಜನೆಗಳ ಬಗೆಗೆ ಮಲೆನಾಡಿನಲ್ಲಿರುವ ಆತಂಕ ನಿರಾಧಾರವಲ್ಲ. ಆದರೆ ಕುಡಿಯುವ ನೀರನ್ನೂ ನೀರಾವರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಎರಡೂ ತಾಲ್ಲೂಕುಗಳ ಜನಸಂಖ್ಯೆಯನ್ನು 6 ಲಕ್ಷವೆಂದು ಹಿಡಿದು, ತಲೆಗೆ ದಿನಕ್ಕೆ 55 ಲೀಟರ್ ಕೊಟ್ಟರೆ ವರ್ಷಕ್ಕೆ ಅರ್ಧ ಟಿಎಂಸಿಯೂ ಬೇಕಿಲ್ಲ. ನಗರದ ಲೆಕ್ಕದಂತೆ 135 ಲೀಟರ್ ಕೊಟ್ಟರೂ ಸುಮಾರು ಒಂದು ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಗೆ ನಿಗದಿಯಾದದ್ದು 29.90 ಟಿಎಂಸಿ. ನೀರಾವರಿಯ ವಿಸ್ತಾರ, ಬೆಳೆಯ ಆಯ್ಕೆ, ಅರಣ್ಯನಾಶ ಇವುಗಳ ಬಗೆಗೆ ವಾದ ನಡೆಯಲಿ. ಬಯಲುಸೀಮೆಯ ಮಗುವಿನ ಲೋಟದ ಬಗೆಗೆ ವಾದ ಬೇಡ. 2002ರ ರಾಷ್ಟ್ರೀಯ ಜಲನೀತಿಯೂ ಕುಡಿಯುವ ನೀರಿಗೇ ಮೊದಲ ಸ್ಥಾನ ನೀಡಿತ್ತು.

ಅದೇ ರೀತಿ, ನೀರು ಕೊಡುವುದಷ್ಟೇ ಮಲೆನಾಡಿನ ಹೊಣೆಯಲ್ಲ. ಕೊಡುವ ನೀರು ಶುದ್ಧವಾಗಿರಬೇಕು. ಕುದುರೆಮುಖದ ಗಣಿಯ ಹೂಳು ಭದ್ರೆಗೆ ಹರಿದದ್ದನ್ನು ವಿರೋಧಿಸಿ ನಡೆದ ಹೋರಾಟದ ಫಲವಾಗಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೋರಾಟ ಬಯಲುಸೀಮೆಯ ಪರವಾಗಿಯೂ ನಡೆದ ಹೋರಾಟವೇ. ಇಂದು ತುಂಗೆ, ಭದ್ರೆಯರ ದಡದ ಪಟ್ಟಣಗಳ ಚರಂಡಿ, ತೋಟಗಳ ಕೀಟನಾಶಕ, ಕಾಫಿ ಪಲ್ಪಿಂಗಿನ ತ್ಯಾಜ್ಯ ನದಿಗೆ ಸೇರದಂತೆ ತಡೆಯುವುದು ಅದರ ಮುಂದಿನ ಹೆಜ್ಜೆ. ಮಲೆನಾಡಿನ ಹಳ್ಳದಲ್ಲಿ ಡಬ್ಬಿ ತೊಳೆದವರಿಗೆ ಆ ನೀರು ಎಲ್ಲಿಗೆ ಹೋಗುತ್ತದೆಂಬ ಅರಿವಿರಲಿ. ಅದು ಮೊಳಕಾಲ್ಮೂರಿನ ಯಾವುದೋ ಹಟ್ಟಿಯಲ್ಲಿ ತಾಯಿಯೊಬ್ಬಳು ನಂಬಿಕೆಯಿಂದ ಹಿಡಿಯುವ ಕೊಡದ ನೀರಾಗಬಹುದು.